ಗೇಟಕ್ಕನ ಎರಡನೆಯ ಗೇಟು

ಆ ಬಡಾವಣೆಯ ಜನ ಬೆಳಗ್ಗೆ ಎದ್ದು ಮೊದಲು ನೋಡುವುದು ಆಕಾಶವನ್ನಲ್ಲ, ಪಂಪ್‌ಹೌಸಿನ ಕಿಟಕಿಯನ್ನು. ಕಿಟಕಿಯಲ್ಲಿ ಕೆಂಪು ಬಟ್ಟೆ ನೇತಾಡುತ್ತಿದ್ದರೆ ಗೇಟು ಇಳಿದಿದೆ, ನಿಶ್ಚಿಂತೆಯಿಂದಿರಿ ಎಂದು ಅರ್ಥ. ಬಟ್ಟೆ ಇಲ್ಲದಿದ್ದರೆ ಗೇಟು ಎದ್ದಿದೆ, ದೊಡ್ಡ ಚರಂಡಿಯ ಕಡೆ ಮಕ್ಕಳನ್ನು ಬಿಡಬೇಡಿ ಎಂದು ಅರ್ಥ. ಬಟ್ಟೆ ಹಾಕುವವಳೂ ತೆಗೆಯುವವಳೂ ಒಬ್ಬಳೇ. ಅವಳಿಗೆ ತಾಯಿತಂದೆ ಇಟ್ಟ ಹೆಸರು ಏನೋ ಇರಲೇಬೇಕು. ಆದರೆ ಆ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ. ಎಲ್ಲರ ಬಾಯಲ್ಲೂ ಅವಳು ಗೇಟಕ್ಕ.

ಅಲ್ಲಿ ನದಿ ಮೇಲೆ, ಮನೆಗಳು ಕೆಳಗೆ. ಹೊರಗಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ. ಯಾವ ಕಾಲದಲ್ಲಿ ಯಾವ ಪುಣ್ಯಾತ್ಮ ತಗ್ಗಿನಲ್ಲಿ ಮೊದಲ ಗೋಡೆ ಎಬ್ಬಿಸಿದನೋ, ಅವನ ಹಿಂದೆ ಇಡೀ ಬಡಾವಣೆ ಬಂದು ಕೂತಿತು. ಮಧ್ಯೆ ಒಂದು ಎತ್ತರದ ಒಡ್ಡು, ಒಡ್ಡಿನ ಹೊಟ್ಟೆಯಲ್ಲಿ ಒಂದು ಕಬ್ಬಿಣದ ಗೇಟು. ಬಟ್ಟೆಗೆ ಬಣ್ಣ ಹಾಕುವ ಶೆಡ್ಡುಗಳ ತೊಟ್ಟಿ ತುಂಬಬೇಕು, ಚರಂಡಿ ತೊಳೆಯಬೇಕು ಎಂದರೆ ದಿನಾ ಗೇಟನ್ನು ಒಂದಿಷ್ಟು ಎತ್ತಿ ನದಿಯ ನೀರು ಒಳಗೆ ಬಿಡಬೇಕು. ಬಂದ ನೀರು ತಾನಾಗಿ ಹಿಂದೆ ಹೋಗುವುದಿಲ್ಲವಲ್ಲ, ಪಂಪು ಅದನ್ನು ಎತ್ತಿ ಒಡ್ಡಿನಾಚೆ ಎಸೆಯಬೇಕು. ಗೇಟು ಒಳಗೆ ಬಿಡುತ್ತದೆ, ಪಂಪು ಹೊರಗೆ ಹಾಕುತ್ತದೆ. ಇಷ್ಟೇ ಆ ಬಡಾವಣೆಯ ಜೀವನ.

ಈ ಕೆಲಸ ಮೊದಲು ಗೇಟಕ್ಕನ ಮಾವನದಾಗಿತ್ತು. ಮಾವನ ಮಗ, ಅಂದರೆ ಗೇಟಕ್ಕನ ಗಂಡ, ದರ್ಜಿ. ಸೂಜಿಗೆ ದಾರ ಪೋಣಿಸುವುದರಲ್ಲಿ ಗಟ್ಟಿಗ, ಆದರೆ ಗೇಟಿನ ಚಕ್ರ ಹಿಡಿದರೆ ಚಕ್ರವೇ ಅವನನ್ನು ತಿರುಗಿಸುತ್ತಿತ್ತು. ಮುದುಕ ಮಗನ ತೋಳು ನೋಡಿದ, ಸೊಸೆಯ ತೋಳು ನೋಡಿದ, ಬೀಗದ ಕೈ ಸೊಸೆಗೆ ಕೊಟ್ಟ. ಹೆಂಗಸು ಗೇಟು ಎತ್ತುತ್ತಾಳಂತೆ ಎಂದು ಜನ ಬಾಯಿಗೆ ಬಂದಂತೆ ಆಡಿಕೊಂಡರು. ಮೊದಲ ಮಳೆಗಾಲದಲ್ಲಿ ನದಿ ಒಡ್ಡಿನ ತುದಿ ನೆಕ್ಕಿ ಹೋಯಿತು, ಒಂದು ಮನೆಯ ಹೊಸಿಲೂ ಒದ್ದೆಯಾಗಲಿಲ್ಲ. ಅಲ್ಲಿಗೆ ಆಡಿಕೊಂಡ ಬಾಯಿಗಳಿಗೆ ಬೀಗ ಬಿತ್ತು.

ಮಾವ ಅವಳಿಗೆ ಎರಡು ಮಾತು ಹೇಳಿ ಕಣ್ಣು ಮುಚ್ಚಿದ್ದ. ಒಂದು: "ಬಲ್ಬು ಮಂಕಾಯ್ತೋ, ಗೇಟು ಇಳಿಸು. ಕರೆಂಟು ಹೋಗೋವರೆಗೂ ಕಾಯ್ಬೇಡ. ಪಂಪು ನಿಂತ ಮೇಲೆ ಒಳಗೆ ಬಂದ ನೀರು ನಿನ್ನಪ್ಪನ ಮಾತೂ ಕೇಳಲ್ಲ." ಇನ್ನೊಂದು: "ಇಳಿಸಿದ ಗೇಟನ್ನ ಇಳಿಸಿದ ಹಾಗೇ ಬಿಡ್ಬೇಡ. ವಾರಕ್ಕೊಮ್ಮೆ ಪೂರ್ತಿ ಎತ್ತಿ ಇಳಿಸು. ಇಲ್ಲಾಂದ್ರೆ ಹೂಳು ಕೂತು ತುಕ್ಕು ಹಿಡಿಯುತ್ತೆ, ಬೇಕಾದಾಗ ಕೈ ಕೊಡುತ್ತೆ." ಹಾಗಾಗಿ ಶುಕ್ರವಾರ ಗೇಟು ಪೂರ್ತಿ ಎತ್ತುವ ದಿನ. ಗೇಟಕ್ಕನ ಕಾಲದಲ್ಲಿ ಆ ಗೇಟು ಒಮ್ಮೆಯೂ ಸಿಕ್ಕಿಕೊಂಡಿಲ್ಲ. ಇದನ್ನು ಅವಳು ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೆ ಎರಡು ಸಲ ಹೇಳುತ್ತಿದ್ದಳು.

ಇಂಥ ಗಟ್ಟಿ ಹೆಂಗಸಿಗೆ ಬೆಳಗಿನ ಜಾವ ಎದೆ ಹಿಡಿದುಕೊಳ್ಳಲು ಶುರುವಾಯಿತು. ಕೆಲಸ ಮಾಡುವಾಗಲ್ಲ, ಸುಮ್ಮನೆ ಮಲಗಿದ್ದಾಗ. ಯಾರೋ ಒಳಗೆ ಕೈ ಹಾಕಿ ಮುಷ್ಟಿ ಬಿಗಿದ ಹಾಗೆ, ಆಮೇಲೆ ಬಿಟ್ಟ ಹಾಗೆ. ಗಾಳಿ ತುಂಬಿದೆ ಅಂದುಕೊಂಡು ದಿನ ತಳ್ಳಿದಳು. ದರ್ಜಿ ಬಿಡಬೇಕಲ್ಲ? ಅಂಗಡಿ ಮುಚ್ಚಿ ಕೈ ಹಿಡಿದು ಎಳೆದುಕೊಂಡು ಹೋದ.

ಆಸ್ಪತ್ರೆಯ ಹೃದಯದ ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಚುರುಕು. ಎಲ್ಲ ಪರೀಕ್ಷೆ ಮಾಡಿಸಿ, "ಅಮ್ಮಾ, ನಿಮ್ಮ ಹೃದಯಕ್ಕೆ ರಕ್ತ ಕೊಡೋ ನಾಳ ಕಟ್ಟಿಕೊಂಡಿಲ್ಲ. ಆಗಾಗ ತಾನೇ ಸೆಟೆದುಕೊಳ್ಳುತ್ತೆ, ಅಷ್ಟೆ. ಆ ಹೊತ್ತಲ್ಲಿ ಹೃದಯದ ಮಾಂಸಕ್ಕೆ ರಕ್ತ ಸಾಲಲ್ಲ. ಅದಕ್ಕೆ ಈ ಮಾತ್ರೆ," ಎಂದಳು.

"ಇದು ಒಳಗೆ ಹೋಗಿ ಏನು ಮಾಡುತ್ತೆ?" ಎಂದು ಗೇಟಕ್ಕ ಕೇಳಿದಳು. ಯಾವ ಯಂತ್ರವನ್ನೇ ಆಗಲಿ, ಏನು ಮಾಡುತ್ತೆ ಎಂದು ಕೇಳದೆ ಮುಟ್ಟಿದವಳಲ್ಲ ಅವಳು.

"ಹೃದಯದ ಒಂದೊಂದು ಕೋಶದ ಗೋಡೇಲೂ ಚಿಕ್ಕ ಚಿಕ್ಕ ಗೇಟುಗಳಿರ್ತವೆ. ಅದರಿಂದ ಕ್ಯಾಲ್ಸಿಯಂ ಒಳಗೆ ಬರುತ್ತೆ. ಈ ಮಾತ್ರೆ ಆ ಗೇಟನ್ನ ಇಳಿಸುತ್ತೆ. ಬೆಳಗ್ಗೆ ಒಂದು, ರಾತ್ರಿ ಒಂದು. ತಪ್ಪಿಸಬೇಡಿ." ಹೊರಗೆ ರೋಗಿಗಳ ಸಾಲು ಬಾಗಿಲವರೆಗೆ ಬಂದಿತ್ತು. ಮಾತು ಅಲ್ಲಿಗೇ ನಿಂತಿತು.

ಗೇಟು! ಆ ಒಂದು ಪದ ಕೇಳಿ ಗೇಟಕ್ಕನ ಕಾಲು ನೆಲಕ್ಕೆ ಊರಲಿಲ್ಲ. ರೋಗ ಬಂದಿದೆ ಎಂದು ಅಳಬೇಕಾದವಳು, ಬಹುಮಾನ ಬಂದವಳ ಹಾಗೆ ಬೀದಿಯುದ್ದಕ್ಕೂ ಸಾರಿದಳು. "ನನ್ನೊಳಗೂ ಗೇಟಿದೆಯಂತೆ ಕಣ್ರೇ! ಒಂದಲ್ಲ, ಲೆಕ್ಕ ಇಲ್ಲದಷ್ಟು! ಅದನ್ನ ಇಳಿಸೋಕೆ ಮಾತ್ರೆ ಕೊಟ್ಟಿದಾರೆ."

"ಕ್ಯಾಲ್ಸಿಯಂ ಮೂಳೆಗೆ ಒಳ್ಳೇದಲ್ವಾ ಗೇಟಕ್ಕ? ಅದನ್ಯಾಕೆ ತಡೀಬೇಕು?" ಎಂದು ಎದುರುಮನೆಯವಳು ರಾಗ ಎಳೆದಳು.

"ನೀರೂ ಒಳ್ಳೇದೇ ಕಣೇ. ನಿನ್ನ ಮಂಚದೆತ್ತರ ಬಂದ್ರೆ ಒಳ್ಳೇದಾ?"

ಮಾತ್ರೆ ತನ್ನ ಕೆಲಸ ಮಾಡಿತು. ಬೆಳಗಿನ ಜಾವದ ಮುಷ್ಟಿ ಸಡಿಲವಾಯಿತು, ಆಮೇಲೆ ಬರುವುದನ್ನೇ ಬಿಟ್ಟಿತು. ದರ್ಜಿ ನೆಮ್ಮದಿಯಾಗಿ ನಿದ್ದೆ ಮಾಡತೊಡಗಿದ. ಕಥೆ ಇಲ್ಲಿಗೇ ಮುಗಿಯಬಹುದಿತ್ತು, ಗೇಟಕ್ಕ ಗೇಟಕ್ಕನಾಗಿರದಿದ್ದರೆ.

ಅವಳ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಮಾತ್ರೆ ಗೇಟನ್ನು ಇಳಿಸುತ್ತದೆ, ಸರಿ. ದಿನಾ ಬೆಳಗ್ಗೆ ರಾತ್ರಿ ಇಳಿಸಿದರೆ ಗೇಟು ಏಳುವುದು ಯಾವಾಗ? ಸದಾ ಇಳಿದೇ ಇರುವ ಗೇಟಿನ ಗತಿ ಏನಾಗುತ್ತದೆ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೂಳು, ತುಕ್ಕು, ಆಮೇಲೆ ಬೇಕಾದಾಗ ಕೈ ಕೊಡುವುದು. ಪಾಪ, ಡಾಕ್ಟ್ರಮ್ಮ ಓದಿದವಳು, ಆದರೆ ಗೇಟು ಇಟ್ಟುಕೊಂಡು ಬಾಳಿದವಳಲ್ಲವಲ್ಲ ಎಂದು ಅವಳು ಮನಸ್ಸಿನಲ್ಲೇ ಕನಿಕರ ಪಟ್ಟಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅಂದಿನಿಂದ ಶುಕ್ರವಾರದ ಮಾತ್ರೆಗೆ ರಜೆ. ಗುರುವಾರ ರಾತ್ರಿಯದನ್ನೂ ಬಿಟ್ಟರೇ ಗೇಟು ಪೂರ್ತಿ ಎದ್ದೀತು ಎಂದು ಲೆಕ್ಕ ಹಾಕಿ ಅದನ್ನೂ ಬಿಟ್ಟಳು. ಗಂಡನಿಗೆ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಚಕ್ರ ತಿರುಗಿಸಲು ಬಾರದವನಿಗೆ ಇದೆಲ್ಲ ಅರ್ಥವಾಗದು ಎಂದು.

ಕೆಲವು ಶುಕ್ರವಾರಗಳು ಏನೂ ಆಗದೆ ಕಳೆದವು. ಏನೂ ಆಗಲಿಲ್ಲ ಎನ್ನುವುದೇ ಅವಳ ಪಾಲಿಗೆ ಸಾಕ್ಷಿಯಾಯಿತು.

ಆಮೇಲೊಂದು ಶುಕ್ರವಾರ ಬಂತು. ಮೇಲೆಲ್ಲೋ ಮಳೆ ಸುರಿದು ನದಿ ಕೆಂಪಗೆ ಉಬ್ಬಿತ್ತು, ಬೆಳಗಿನ ಜಾವದ ಗಾಳಿ ಚಳಿಗೆ ಕಚ್ಚುತ್ತಿತ್ತು. ಇಂಥ ದಿನ ಗೇಟು ಎತ್ತುವುದೇ ಬೇಡ ಎಂದು ಬೇರೆಯವರಾದರೆ ಮನೆಯಲ್ಲಿ ಕೂರುತ್ತಿದ್ದರು. ಆದರೆ ನೆರೆ ಬರುವ ಮುಂಚೆಯೇ ಗೇಟು ಸಡಿಲವಾಗಿದೆಯೇ ಎಂದು ನೋಡಬೇಕಲ್ಲ? ಗೇಟಕ್ಕ ಪಂಪು ಹಾಕಿದಳು, ಕೆಂಪು ಬಟ್ಟೆ ತೆಗೆದಳು, ಚಕ್ರ ತಿರುಗಿಸಿದಳು. ಗೇಟು ಪೂರ್ತಿ ಎದ್ದಿತು. ನೀರು ಗುಡುಗುತ್ತ ಒಳಗೆ ನುಗ್ಗಿತು.

ಆಗ ಗೋಡೆಯ ಬಲ್ಬು ಮಂಕಾಯಿತು.

ಅವಳ ಕೈ ಯೋಚನೆ ಮಾಡಲಿಲ್ಲ, ಚಕ್ರ ಹಿಡಿಯಿತು. ಅರ್ಧ ಇಳಿಯುವಷ್ಟರಲ್ಲಿ ಎದೆಯೊಳಗಿನ ಮುಷ್ಟಿ ಬಿಗಿಯಿತು. ಈ ಸಲ ಹಿಂದಿನ ಹಾಗಲ್ಲ, ದವಡೆವರೆಗೂ ಎಡತೋಳಿನ ತುದಿವರೆಗೂ. ಬಲ್ಬು ಆರಿತು, ಪಂಪಿನ ಸದ್ದು ನಿಂತಿತು. ಕತ್ತಲೆಯಲ್ಲಿ ನೀರು ನುಗ್ಗುವ ಸದ್ದೊಂದೇ. ಕೆಳಗೆ ಎಷ್ಟು ಮನೆಗಳಲ್ಲಿ ಎಷ್ಟು ಮಕ್ಕಳು ನೆಲದ ಮೇಲೆ ಮಲಗಿದ್ದಾರೆ ಎಂಬುದು ಅವಳಿಗೆ ಗೊತ್ತಿತ್ತು. ಹಲ್ಲು ಕಚ್ಚಿ ತಿರುಗಿಸಿದಳು. ಬೆವರು ಕಣ್ಣಿಗಿಳಿಯಿತು, ತಿರುಗಿಸಿದಳು. ಗೇಟಿನ ತಳ ಕಲ್ಲಿಗೆ ತಾಗಿದ ಸದ್ದು ಕೇಳಿದ ಮೇಲೆ ಕಿಟಕಿಗೆ ಬಟ್ಟೆ ಸಿಕ್ಕಿಸಿ, ಗೋಡೆಗೊರಗಿ ಹಾಗೇ ಕುಸಿದಳು.

ಬಣ್ಣದ ಶೆಡ್ಡಿನ ಯಜಮಾನನನ್ನು ಎಲ್ಲರೂ ಬಣ್ಣದಜ್ಜ ಎನ್ನುತ್ತಾರೆ. ಅವನ ಮೊಣಕೈವರೆಗೂ ನೀಲಿ; ತೊಳೆದರೂ ಹೋಗದ ನೀಲಿ. ಆ ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆಯಲು ಬಂದವನು ಕಿಟಕಿ ನೋಡಿದ. ಕೆಂಪು ಬಟ್ಟೆ ಇತ್ತು, ಆದರೆ ಸೊಟ್ಟಗಿತ್ತು. ಗೇಟಕ್ಕ ಬಟ್ಟೆಯನ್ನು ಎಂದೂ ಸೊಟ್ಟಗೆ ಹಾಕಿದವಳಲ್ಲ. ಅಜ್ಜ ಮೆಟ್ಟಿಲು ಹತ್ತಿ ಓಡಿದ. ಸ್ವಲ್ಪ ಹೊತ್ತಿನಲ್ಲಿ ಬಣ್ಣದ ಬಟ್ಟೆ ಸಾಗಿಸುವ ವ್ಯಾನಿನಲ್ಲಿ ಗೇಟಕ್ಕ ಆಸ್ಪತ್ರೆಯ ದಾರಿ ಹಿಡಿದಿದ್ದಳು. ಪಕ್ಕದಲ್ಲಿ ದರ್ಜಿ, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು.

ನಾಲಿಗೆಯಡಿ ಮಾತ್ರೆ ಇಟ್ಟು, ಕೈಗೆ ಸೂಜಿ ಚುಚ್ಚಿದ ಮೇಲೆ ಮುಷ್ಟಿ ಬಿಟ್ಟಿತು. ಡಾಕ್ಟರು ಹೃದಯದ ಗೆರೆಗಳ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು. ಮುಖ ಸಡಿಲವಾಗಲಿಲ್ಲ.

"ಹೃದಯದ ಮಾಂಸ ಸತ್ತಿದ್ರೆ ಅದರೊಳಗಿನ ಒಂದು ವಸ್ತು ರಕ್ತಕ್ಕೆ ಸೋರುತ್ತೆ," ಎಂದು ಡಾಕ್ಟರು ದರ್ಜಿಗೆ ಹೇಳಿದಳು. "ಒಂದು ಸಲ ರಕ್ತ ತೆಗೆದಿದೀವಿ. ಇನ್ನೊಂದು ಸಲ ತೆಗೆದು ನೋಡ್ಬೇಕು. ಆ ಮಾಂಸ ಸತ್ತರೆ ಮತ್ತೆ ಹುಟ್ಟಲ್ಲ. ದೊಡ್ಡ ತುಂಡು ಸತ್ತಿದ್ರೆ, ಬದುಕಿದ್ರೂ ಇನ್ನು ಆ ಚಕ್ರ ಮುಟ್ಟೋ ಹಾಗಿಲ್ಲ."

ಹಾಸಿಗೆಯಲ್ಲಿದ್ದ ಗೇಟಕ್ಕನಿಗೆ ಕೊನೆಯ ಮಾತು ಕೇಳಿಸಿತು. ಸಾವಿನ ಮಾತಿಗೆ ಅಲುಗದವಳು ಆ ಮಾತಿಗೆ ಕಣ್ಣು ಮುಚ್ಚಿಕೊಂಡಳು.

"ಮಾತ್ರೆ ಸರಿಯಾಗಿ ತಗೊಂಡಿದ್ರಾ ಅಮ್ಮಾ?"

"ಇವತ್ತು ಶುಕ್ರವಾರ ಅಲ್ವಾ?" ಎಂದಳು ಗೇಟಕ್ಕ, ಎಲ್ಲರಿಗೂ ಗೊತ್ತಿರುವ ಮಾತಿನ ಹಾಗೆ.

"ಶುಕ್ರವಾರಕ್ಕೂ ಮಾತ್ರೆಗೂ ಏನು ಸಂಬಂಧ?"

ಗೇಟಕ್ಕ ಹೇಳಿದಳು. ದನಿ ಕ್ಷೀಣವಾಗಿತ್ತು, ಹೆಮ್ಮೆ ಕ್ಷೀಣವಾಗಿರಲಿಲ್ಲ. ಹೂಳು, ತುಕ್ಕು, ಮಾವನ ಮಾತು, ಗುರುವಾರ ರಾತ್ರಿಯ ಲೆಕ್ಕ, ಎಲ್ಲವನ್ನೂ ಹೇಳಿದಳು. ಡಾಕ್ಟರು ಬೈಯುತ್ತಾಳೆ ಎಂದುಕೊಂಡರೆ, ಅವಳು ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತಳು.

"ಗೇಟಿನ ಮಾತು ಹೇಳಿ ಕಳಿಸಿದೆ, ಪಂಪಿನ ಮಾತು ಹೇಳಲೇ ಇಲ್ಲ," ಎಂದಳು. "ಈಗ ಕೇಳಿ. ಕೋಶದ ಹೊರಗೆ ಕ್ಯಾಲ್ಸಿಯಂ ತುಂಬಿ ತುಳುಕ್ತಿರುತ್ತೆ, ಒಳಗೆ ತೀರಾ ಕಮ್ಮಿ."

"ನದಿ ಮೇಲೆ, ಮನೆ ಕೆಳಗೆ," ಎಂದಳು ಗೇಟಕ್ಕ.

"ಹಾಂ. ಪ್ರತಿ ಬಡಿತಕ್ಕೂ ಗೇಟು ಎದ್ದು ಒಂದಿಷ್ಟು ಒಳಗೆ ಬರುತ್ತೆ. ಬಂದ್ರೇನೇ ಮಾಂಸ ಬಿಗಿಯೋದು. ತಕ್ಷಣ ಪಂಪುಗಳು ಅದನ್ನ ಎತ್ತಿ ಹಾಕ್ತವೆ, ಮಾಂಸ ಸಡಿಲ ಆಗುತ್ತೆ. ಆ ಪಂಪುಗಳಿಗೆ ಕರೆಂಟು ಅಂದ್ರೆ ರಕ್ತ ತರೋ ಉಸಿರು. ನಾಳ ಸೆಟೆದುಕೊಂಡ್ರೆ ರಕ್ತ ಇಲ್ಲ. ರಕ್ತ ಇಲ್ಲಾಂದ್ರೆ ಪಂಪು ನಿಲ್ಲುತ್ತೆ. ಒಳಗೆ ಬಂದ ಕ್ಯಾಲ್ಸಿಯಂ ಅಲ್ಲೇ ಉಳಿಯುತ್ತೆ, ಮೇಲೆ ಮೇಲೆ ಬಂದು ತುಂಬುತ್ತೆ. ಮಾಂಸ ಮುಷ್ಟಿ ಹಿಡಿದದ್ದು ಬಿಡೋಕಾಗಲ್ಲ. ಒಳಗಿನ ಶಕ್ತಿ ತಯಾರಿಸೋ ಮನೆಗಳೇ ಹಾಳಾಗ್ತವೆ. ಕೊನೆಗೆ ಗೋಡೆ ಒಡೆದು ಕೋಶ ಸಾಯುತ್ತೆ."

ಡಾಕ್ಟರು ಇನ್ನೂ ಏನೋ ಹೇಳುವವಳಿದ್ದಳು. ಅಷ್ಟರಲ್ಲಿ ದರ್ಜಿ ಬಾಯಿ ಬಿಟ್ಟ. ಮದುವೆಯಾದಂದಿನಿಂದ ಊಟದ ಹೊತ್ತಲ್ಲೂ ಗೇಟಿನ ಮಾತನ್ನೇ ಕೇಳಿಸಿಕೊಂಡು ಬಂದವನು ಅವನು.

"ಬಲ್ಬು ಮಂಕಾದಾಗ ಗೇಟು ಎತ್ತಿಟ್ಕೊಂಡು ಕೂತಿದ್ಯಲ್ಲೇ!" ಎಂದ. "ಊರಿನ ಗೇಟು ಇಳಿಸಿದೆ, ನಿಂದು ಎತ್ತೇ ಇಟ್ಟಿದ್ದೆ! ಅಪ್ಪ ಇದ್ದಿದ್ರೆ ಏನಂತಿದ್ರು?"

ಗೇಟಕ್ಕನ ಮುಖ ಬಿಳಿಚಿತು. ಎದೆನೋವಿನಲ್ಲೂ ಬಿಳಿಚದ ಮುಖ. ಮಾವನ ಎರಡು ಮಾತುಗಳಲ್ಲಿ ಎರಡನೆಯದನ್ನು ಹಿಡಿದು, ಮೊದಲನೆಯದನ್ನು ಮರೆತಿದ್ದಳು! ಯಾವ ತಪ್ಪನ್ನು ಬೇರೆ ಯಾರಾದರೂ ಪಂಪ್‌ಹೌಸಿನಲ್ಲಿ ಮಾಡಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದಳೋ, ಅದೇ ತಪ್ಪು.

"ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿತ್ತು," ಎಂದಳು ಮೆಲ್ಲಗೆ. ಆದರೂ ಸೋಲು ಒಪ್ಪುವ ಮುಂಚೆ ಒಂದು ಮಾತು ಕೇಳಲೇಬೇಕಿತ್ತು. "ಹಾಗಾದ್ರೆ ತುಕ್ಕು ಹಿಡಿಯಲ್ವಾ ಡಾಕ್ಟ್ರಮ್ಮ?"

"ಮಾತ್ರೆ ಗೇಟನ್ನ ಮುಚ್ಚಿಬಿಡಲ್ಲ ಅಮ್ಮಾ. ಪೂರ್ತಿ ಮುಚ್ಚಿದ್ರೆ ಹೃದಯಾನೇ ನಿಲ್ಲುತ್ತೆ. ಪ್ರತಿ ಬಡಿತಕ್ಕೂ ಗೇಟು ಏಳುತ್ತೆ, ಇಳಿಯುತ್ತೆ. ಎತ್ತರ ಮಾತ್ರ ತಗ್ಗಿರುತ್ತೆ. ಕಮ್ಮಿ ಒಳಗೆ ಬಂದ್ರೆ ಪಂಪಿಗೂ ಕೆಲಸ ಕಮ್ಮಿ, ಇರೋ ಕರೆಂಟು ಹೆಚ್ಚು ಹೊತ್ತು ಬರುತ್ತೆ. ಜೊತೆಗೆ ನಾಳದ ಗೋಡೇಲೂ ಇಂಥವೇ ಗೇಟುಗಳಿವೆ. ಅವು ತಗ್ಗಿದ್ರೆ ನಾಳ ಸೆಟೆದುಕೊಳ್ಳೋದೇ ಅಪರೂಪ. ನೀವು ತಟ್ಟನೆ ಮಾತ್ರೆ ನಿಲ್ಲಿಸಿದ್ದಕ್ಕೇ ಈ ಸಲ ಇಷ್ಟು ಜೋರಾಗಿ ಹಿಡೀತು ಅನ್ಸುತ್ತೆ. ಎಲ್ಲರ ಎದೆಗೂ ಇದೇ ಮದ್ದಲ್ಲ, ನಿಮ್ಮದಕ್ಕೆ ಇದೇ ಮದ್ದು. ಮತ್ತೆ ಒಳಗೆಲ್ಲ ತುಂಬಿದ ಮೇಲೆ ಮಾತ್ರೆ ನುಂಗಿದ್ರೆ ಅಷ್ಟಾಗಿ ಪ್ರಯೋಜನ ಇಲ್ಲ. ಮೊದಲೇ—"

"ಮೊದಲೇ ಇಳಿದಿರ್ಬೇಕು!" ಗೇಟಕ್ಕ ತಲೆ ಎತ್ತಿದಳು. "ಅದನ್ನ ನನಗೆ ಹೇಳಿಕೊಡ್ತೀರಾ ಡಾಕ್ಟ್ರಮ್ಮ?"

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ದರ್ಜಿಗೆ ಅಳು ತಡೆಯಲಾಗಲಿಲ್ಲ.

ಎರಡನೆಯ ಸಲ ರಕ್ತ ತೆಗೆದರು. ಕಾಯುವ ಆ ಹೊತ್ತಿನಲ್ಲಿ ಗೇಟಕ್ಕ ಅಂಗೈ ತಿರುಗಿಸಿ ಚಕ್ರದಿಂದ ಗಟ್ಟಿಯಾದ ಚರ್ಮವನ್ನು ನೋಡಿಕೊಳ್ಳುತ್ತಿದ್ದಳು. ದರ್ಜಿ ಅಳತೆ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಬಾಗಿಲಲ್ಲಿ ಬಣ್ಣದಜ್ಜ ತನ್ನ ನೀಲಿ ಕೈಗಳನ್ನು ಬೆನ್ನ ಹಿಂದೆ ಮುಚ್ಚಿಕೊಂಡು ನಿಂತಿದ್ದ, ಬಿಳಿ ಗೋಡೆಗೆ ಎಲ್ಲಿ ಬಣ್ಣ ತಾಗುತ್ತದೋ ಎಂದು.

ಡಾಕ್ಟರು ಬಂದಳು. "ಸೋರಿಲ್ಲ ಅಮ್ಮಾ. ಮಾಂಸ ಉಳಿದಿದೆ. ನಾಳ ಬೇಗ ಬಿಟ್ಟಿದ್ದಕ್ಕೆ, ಅಜ್ಜ ಬೇಗ ತಂದಿದ್ದಕ್ಕೆ ಬಚಾವಾದ್ರಿ. ಇನ್ನೊಂದು ಸಲ ಇಷ್ಟು ಅದೃಷ್ಟ ಇರಲ್ಲ." ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಆ ನೋವಲ್ಲಿ ಚಕ್ರ ಹೇಗೆ ತಿರುಗಿಸಿದ್ರಿ?" ಎಂದಳು.

"ಅರ್ಧಕ್ಕೆ ಬಿಟ್ಟು ಬರೋಕೆ ಅದೇನು ಹರಟೆಯಾ?"

"ಶೂರತನ ಸಾಕು. ಇನ್ನು ಎದೆ ಹಿಡೀತೂಂದ್ರೆ ಚಕ್ರ ಬಿಟ್ಟು ಕೂರ್ಬೇಕು. ಜೊತೆಗೆ ಒಬ್ಬರಿರ್ಬೇಕು. ಒಪ್ಪಿದ್ರೆ ಮಾತ್ರ ಕೆಲಸಕ್ಕೆ ಹೋಗೋಕೆ ಬರೆದುಕೊಡ್ತೀನಿ."

ಗೇಟಕ್ಕ ಒಪ್ಪಿದಳು. ಬೇರೆ ದಾರಿ ಎಲ್ಲಿತ್ತು?

ಅವಳು ಮನೆಯಲ್ಲಿ ಮಲಗಿದ್ದ ದಿನಗಳಲ್ಲಿ ದರ್ಜಿಯೂ ಬಣ್ಣದಜ್ಜನೂ ಸೇರಿ ಗೇಟು ನೋಡಿಕೊಂಡರು. ಇಬ್ಬರೂ ಚಕ್ರದ ಎರಡು ಕಡೆ ನೇತುಬಿದ್ದು ಪಟ್ಟ ಪಾಡು ನೋಡಲು ಒಡ್ಡಿನ ಮೇಲೆ ಜನ ಸೇರುತ್ತಿದ್ದರಂತೆ. "ರೀ, ಮೊಣಕಾಲು ಬಗ್ಗಿಸಿ! ಬೆನ್ನಲ್ಲ, ಮೊಣಕಾಲು!" ಎಂದು ಗೇಟಕ್ಕ ಮನೆಯ ಕಿಟಕಿಯಿಂದಲೇ ಕೂಗುತ್ತಿದ್ದಳು, ಮನೆ ಇರುವುದು ಪಂಪ್‌ಹೌಸಿಗೆ ಎದುರಾಗಿ. ಬರಬರುತ್ತ ದರ್ಜಿಯ ಅಂಗೈಯಲ್ಲೂ ಬೊಬ್ಬೆ ಎದ್ದು ಒಡೆದು ಗಟ್ಟಿಯಾಯಿತು. ಅದನ್ನು ಅವನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದ.

ಅವಳು ಕೆಲಸಕ್ಕೆ ಮರಳುವ ಬೆಳಗ್ಗೆ ಮಾತ್ರೆ ನುಂಗಿ ತಿರುಗಿ ನೋಡಿದರೆ, ಗಂಡ ಮನೆಯ ಕಿಟಕಿಗೆ ಏನೋ ಕಟ್ಟುತ್ತಿದ್ದ. ಅಂಗೈ ಅಗಲದ ಕೆಂಪು ಬಟ್ಟೆ, ಅಂಚು ಮಡಚಿ ಹೊಲಿದದ್ದು.

"ಇದೇನ್ರೀ? ಬೀದಿಗೆಲ್ಲ ನನ್ನ ಕಾಯಿಲೆ ಡಂಗುರ ಹೊಡೀತೀರಾ? ಮಾನ ಮರ್ಯಾದೆ ಇದೆಯಾ?"

"ಕಾಯಿಲೆ ಯಾವುದೇ? ಗೇಟು ಕಣೇ," ಎಂದ ದರ್ಜಿ, ಗಂಟು ಬಿಗಿಯುತ್ತ. "ಇಳಿದಿದೆ ಅಂತ ಊರಿಗೆ ಗೊತ್ತಾಗ್ಬೇಡ್ವಾ?"

ಅವಳು ಮುಖ ಊದಿಸಿಕೊಂಡು ಹೋದಳು, ಆದರೆ ಬಟ್ಟೆ ಕಿತ್ತುಹಾಕಲಿಲ್ಲ. ಅಂದಿನಿಂದ ಬಡಾವಣೆಯ ಜನ ಬೆಳಗ್ಗೆ ಎದ್ದು ಎರಡು ಕಿಟಕಿ ನೋಡತೊಡಗಿದರು. ಒಂದು ದಿನ ದರ್ಜಿ ಬಟ್ಟೆ ಕಟ್ಟುವುದು ತಡವಾದರೆ ಸಾಕು, ಎದುರುಮನೆಯವಳು ರಾಗ ಎಳೆಯುತ್ತಿದ್ದಳು: "ಗೇಟಕ್ಕಾ, ಇನ್ನೂ ಇಳಿಸಿಲ್ವಾ?" ಇವಳು ಒಳಗಿನಿಂದಲೇ, "ನುಂಗ್ತಿದೀನಿ ಕಣೇ, ಪ್ರಾಣ ತಿನ್ಬೇಡ!" ಎಂದು ಗದರುತ್ತಿದ್ದಳು. ಗದರಿಕೆಯ ಹಿಂದೆ ಹೆಮ್ಮೆ ಇತ್ತು. ತನ್ನ ಎದೆಯನ್ನು ಇಷ್ಟು ಜನ ಕಾಯುತ್ತಿದ್ದಾರೆ ಎಂದರೆ ಯಾರಿಗೆ ಇರುವುದಿಲ್ಲ?

ಚಳಿಗಾಲ ಕಳೆದು ಮತ್ತೆ ಮಳೆ ಬಂತು. ಒಂದು ಶುಕ್ರವಾರ ಬೆಳಗಿನ ಜಾವ ಗೇಟು ಪೂರ್ತಿ ಎದ್ದಿತ್ತು, ನೀರು ನುಗ್ಗುತ್ತಿತ್ತು. ಬಲ್ಬು ಮಂಕಾಯಿತು. ಗೇಟಕ್ಕ ಚಕ್ರ ಹಿಡಿದು ಇಳಿಸತೊಡಗಿದಳು. ಅರ್ಧ ಇಳಿದಿರಬೇಕು, ಎದೆಯಲ್ಲಿ ಸಣ್ಣಗೆ ಏನೋ ಚಿವುಟಿದಂತಾಯಿತು. ಅವಳು ಒಂದು ಗಳಿಗೆ ಚಕ್ರ ನೋಡಿದಳು, ಜೊತೆಗೆ ಬಂದು ಪಕ್ಕದಲ್ಲಿ ನಿಂತಿದ್ದ ಗಂಡನ ಮುಖ ನೋಡಿದಳು.

"ತಗೊಳ್ಳಿ," ಎಂದು ಚಕ್ರ ಬಿಟ್ಟು ಸ್ಟೂಲಿನ ಮೇಲೆ ಕೂತಳು. ಚಕ್ರವನ್ನು ನಡುವೆ ಬಿಟ್ಟದ್ದು ಅವಳ ಜನ್ಮದಲ್ಲಿ ಅದೇ ಮೊದಲು.

ದರ್ಜಿ ಮೊಣಕಾಲು ಬಗ್ಗಿಸಿದ, ಬೆನ್ನಲ್ಲ. ತಿರುಗಿಸಿದ. ಬಲ್ಬು ಆರಿತು, ಪಂಪು ನಿಂತಿತು, ಕತ್ತಲೆಯಲ್ಲಿ ಗೇಟಿನ ತಳ ಕಲ್ಲಿಗೆ ತಾಗಿದ ಸದ್ದು ಕೇಳಿಸಿತು. ಅಷ್ಟರಲ್ಲಿ ಎದೆಯ ಚಿವುಟು ತಾನಾಗಿಯೇ ಬಿಟ್ಟುಹೋಗಿತ್ತು, ಬಂದದ್ದು ಹೌದೋ ಅಲ್ಲವೋ ಎನ್ನುವ ಹಾಗೆ. ಗೇಟಕ್ಕ ನಿಧಾನವಾಗಿ ಎದ್ದು ಕೆಂಪು ಬಟ್ಟೆಯನ್ನು ಕಿಟಕಿಗೆ ಹಾಕಿದಳು, ಎಳೆದು ನೆಟ್ಟಗೆ ಮಾಡಿದಳು. ಎದುರಿಗೆ ಬೆಳಕು ಹರಿಯುತ್ತಿತ್ತು. ಮನೆಯ ಕಿಟಕಿಯಲ್ಲಿ ಅಂಗೈ ಅಗಲದ ಬಟ್ಟೆ ಗಾಳಿಗೆ ಆಡುತ್ತಿತ್ತು.

ಕೆಳಗೆ ಬಣ್ಣದಜ್ಜ ನೀಲಿ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದ: "ಗೇಟಕ್ಕಾ, ಇಳೀತಾ?"

"ಎರಡೂ ಇಳಿದಿವೆ ಅಜ್ಜಾ!" ಎಂದು ಅವಳು ಇಡೀ ಬಡಾವಣೆಗೆ ಕೇಳುವ ಹಾಗೆ ಕೂಗಿದಳು. "ಒಂದನ್ನ ನಮ್ಮೆಜಮಾನ್ರು ಇಳಿಸಿದ್ರು!"